ಬ್ಯಾಂಕಾಕ್‌ನ ರಾತ್ರಿಯನ್ನು ಸ್ಥಳೀಯ ಗೈಡ್ ಜೊತೆ ನೋಡುವ ಬಗೆ: ಕೊಡಗಿನಿಂದ ಹೊರಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಕೊಡಗಿನ ಪೇಟೆಗಳಲ್ಲಿ ರಾತ್ರಿ ಒಂಬತ್ತಾಗುವಷ್ಟರಲ್ಲಿ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ತೋಟದ ರಸ್ತೆಗಳಲ್ಲಂತೂ ಕತ್ತಲಾದ ಮೇಲೆ ಆನೆಯ ಭಯದಿಂದ ಯಾರೂ ನಡೆದು ಹೋಗುವುದಿಲ್ಲ. ಮಡಿಕೇರಿ ದಸರಾದ ದಶಮಂಟಪಗಳು ಹೊರಡುವ ವಿಜಯದಶಮಿಯ ರಾತ್ರಿಯನ್ನು ಬಿಟ್ಟರೆ, ಬೆಳಗಿನ ಜಾವದವರೆಗೆ ಬೀದಿಯಲ್ಲಿ ಜನರ ನಡುವೆ ನಡೆದಾಡುವ ರೂಢಿ ನಮ್ಮ ಜಿಲ್ಲೆಯವರಿಗಿಲ್ಲ. ಹೀಗಿರುವಾಗ ಬ್ಯಾಂಕಾಕ್‌ನಂಥ ಮಹಾನಗರಕ್ಕೆ ಹೋದ ನಮ್ಮವರು ಹಗಲಿಡೀ ಬಿಸಿಲಿನಲ್ಲಿ ದೇವಾಲಯಗಳನ್ನೂ ಮಾಲ್‌ಗಳನ್ನೂ ಸುತ್ತಿ, ಸಂಜೆ ಏಳಕ್ಕೆ ಹೋಟೆಲ್ ಕೋಣೆ ಸೇರಿ, ಊರು ನಿಜಕ್ಕೂ ಎಚ್ಚರಗೊಳ್ಳುವ ಹೊತ್ತಿಗೆ ಟಿವಿ ನೋಡುತ್ತಾ ಮಲಗಿಬಿಡುವುದು ಸಹಜ. ಆ ನಗರದ ಅತ್ಯುತ್ತಮ ಭಾಗವೇ ಇದರಿಂದ ಕೈತಪ್ಪಿ ಹೋಗುತ್ತದೆ.

ನನ್ನ ಸಲಹೆ ಸರಳವಾದುದು. ಪ್ರವಾಸದ ಮೊದಲ ರಾತ್ರಿಯ ಸುತ್ತಾಟವನ್ನು ಒಬ್ಬ ಒಳ್ಳೆಯ ಸ್ಥಳೀಯ ಗೈಡ್ ಕೈಗೆ ಒಪ್ಪಿಸಿ, ಒಂದೇ ಬಡಾವಣೆಯ ಆಸುಪಾಸಿನಲ್ಲಿ, ಸಾಧ್ಯವಾದಷ್ಟೂ ಕಾಲ್ನಡಿಗೆಯಲ್ಲಿ ನೋಡಿ. ರಸ್ತೆ ದಾಟುವ ಬಗೆ, ಗಾಡಿಯ ಮುಂದೆ ನಿಂತು ಊಟ ಹೇಳುವ ಬಗೆ, ಟುಕ್‌ಟುಕ್‌ನವರ ಜೊತೆ ದರ ಮಾತಾಡುವ ಬಗೆ, ಯಾವ ಓಣಿಗೆ ಹೋಗಬಹುದು, ಯಾವುದಕ್ಕೆ ಬೇಡ ಎಂಬ ತಿಳಿವಳಿಕೆ ಇವೆಲ್ಲ ಆ ಒಂದು ಸಂಜೆಯಲ್ಲಿ ನಿಮ್ಮದಾಗುತ್ತವೆ. ಮರುದಿನದ ರಾತ್ರಿ ನೀವೇ ಧೈರ್ಯವಾಗಿ ಹೊರಡಬಹುದು. ಹಾಗೆ ಹೊರಡಲು ಬೇಕಾದ ಸಿದ್ಧತೆಯನ್ನು ಮುಂದೆ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲ ಹಂತ: ಯಾವ ಕಾಲ, ಯಾವ ದಿನ

ಬ್ಯಾಂಕಾಕ್‌ನಲ್ಲಿ ನಡೆದಾಡಲು ಹಿತವಾದ ತಿಂಗಳುಗಳು ನವೆಂಬರ್‌ನಿಂದ ಫೆಬ್ರುವರಿ. ದುರದೃಷ್ಟಕ್ಕೆ ನಮಗೆ ಅದೇ ಹುತ್ತರಿಯ ಕಾಲ, ಕಾಫಿ ಕುಯ್ಲಿನ ಕಾಲ. ತೋಟವಿರುವವರು ಆಗ ಮನೆ ಬಿಟ್ಟು ಹೊರಡುವುದು ಕಷ್ಟ. ಹೀಗಾಗಿ ಕುಯ್ಲು ಮುಗಿದು, ಹೂಮಳೆಯೂ ಬಂದ ಮೇಲೆ, ಏಪ್ರಿಲ್ ಮೇ ತಿಂಗಳ ಶಾಲಾ ರಜೆಯಲ್ಲಿ ಹೊರಡುವವರೇ ಹೆಚ್ಚು. ಏಪ್ರಿಲ್ ಅಲ್ಲಿ ವಿಪರೀತ ಸೆಕೆಯ ತಿಂಗಳು. ಅದರ 13ರಿಂದ 15ರವರೆಗೆ ಸೊಂಗ್‌ಕ್ರಾನ್ ಎಂಬ ಹೊಸ ವರ್ಷದ ಹಬ್ಬವಿದ್ದು, ಬೀದಿಯಲ್ಲಿ ಹೋಗುವವರ ಮೇಲೆಲ್ಲ ನೀರು ಎರಚುತ್ತಾರೆ. ಹಬ್ಬ ನೋಡುವುದೇ ಉದ್ದೇಶವಾದರೆ ಆ ದಿನಗಳು ಚೆನ್ನ, ನಿಧಾನವಾಗಿ ನಡೆದು ತಿಂದು ನೋಡುವ ರಾತ್ರಿಗೆ ಅವು ಹೊಂದುವುದಿಲ್ಲ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಮಳೆಯೆಂದರೆ ಕೊಡಗಿನವರು ಹೆದರಬೇಕಾಗಿಲ್ಲ: ಅಲ್ಲಿನ ಮಳೆ ನಮ್ಮ ಕಕ್ಕಡದ ಮಳೆಯ ಹಾಗೆ ವಾರಗಟ್ಟಲೆ ಹಿಡಿದು ಕೂರುವುದು ಅಪರೂಪ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಅಥವಾ ಸಂಜೆ ಗುಡುಗಿ ಜೋರಾಗಿ ಸುರಿದು ನಿಲ್ಲುತ್ತದೆ. ಒಂದು ಮಡಚುವ ಕೊಡೆ ಮತ್ತು ಒದ್ದೆಯಾದರೂ ಜಾರದ ಚಪ್ಪಲಿ ಇದ್ದರೆ ಸಾಕು.

ವಾರದ ದಿನವನ್ನೂ ಯೋಚಿಸಿಯೇ ಆರಿಸಬೇಕು. ಸೋಮವಾರ ಬೀದಿ ಬದಿಯ ಅನೇಕ ಗಾಡಿಗಳು ರಜೆ ಮಾಡುತ್ತವೆ. ತಿಂಡಿಗೆಂದೇ ಹೋಗುವವರಿಗೆ ಆ ರಾತ್ರಿ ನಿರಾಸೆಯಾಗುತ್ತದೆ. ಶುಕ್ರವಾರ ಮತ್ತು ಶನಿವಾರ ವಿಪರೀತ ಜನ. ವಯಸ್ಸಾದವರು ಅಥವಾ ಮಕ್ಕಳು ಜೊತೆಗಿದ್ದರೆ ಮಂಗಳವಾರದಿಂದ ಗುರುವಾರದೊಳಗಿನ ಒಂದು ಸಂಜೆಯನ್ನು ಗೊತ್ತುಮಾಡಿ.

ಇನ್ನೊಂದು ಎಚ್ಚರಿಕೆ. ಮಡಿಕೇರಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರ್ ರಸ್ತೆ ಪ್ರಯಾಣವಿದೆ. ಅಲ್ಲಿಂದ ಬ್ಯಾಂಕಾಕ್‌ಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಮಧ್ಯರಾತ್ರಿಯ ಆಸುಪಾಸಿನ ವಿಮಾನ ಹಿಡಿದವರು ಮನೆ ಬಿಟ್ಟ ಮೇಲೆ ಹಾಸಿಗೆಗೆ ಬೆನ್ನು ತಾಗಿಸದೆಯೇ ಅಲ್ಲಿ ಬೆಳಗು ಕಾಣುತ್ತಾರೆ. ಅಂಥವರು ಇಳಿದ ದಿನವೇ ರಾತ್ರಿ ಸುತ್ತಾಟ ಇಟ್ಟುಕೊಳ್ಳಬಾರದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿರುವುದರಿಂದ ಅಲ್ಲಿ ರಾತ್ರಿ ಹತ್ತೂವರೆಯಾದಾಗ ಊರಿನಲ್ಲಿ ಒಂಬತ್ತು. ಮನೆಗೆ ಫೋನ್ ಮಾಡುವವರು ಇದನ್ನು ಗಮನದಲ್ಲಿಡಬೇಕು.

ಪ್ರವೇಶದ ಕಾಗದಪತ್ರಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಬರುವ ವಿದೇಶೀಯರೆಲ್ಲರೂ ಡಿಜಿಟಲ್ ಅರೈವಲ್ ಕಾರ್ಡನ್ನು, ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳ ಒಳಗೆ, ಆನ್‌ಲೈನ್‌ನಲ್ಲಿ ತುಂಬಬೇಕು. ಸರ್ಕಾರಿ ಜಾಲತಾಣದಲ್ಲಿ ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ತಾಣ ಎದುರಾದರೆ ಅದನ್ನು ಮುಚ್ಚಿಬಿಡಿ. ವೀಸಾ ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ತೆಗೆಯುವ ಮೊದಲು ರಾಯಭಾರ ಕಚೇರಿಯ ಜಾಲತಾಣದಲ್ಲೇ ನೋಡಿಕೊಳ್ಳಬೇಕು.

ಎರಡನೆಯ ಹಂತ: ಗೈಡ್ ಆಯ್ಕೆ

ಇಡೀ ರಾತ್ರಿಯ ಸುಖ ನಿಂತಿರುವುದು ಈ ಹಂತದ ಮೇಲೆ. ಥಾಯ್ಲೆಂಡ್‌ನಲ್ಲಿ ಪ್ರವಾಸಿ ಗೈಡ್ ಕೆಲಸವನ್ನು ಆ ದೇಶದ ಪ್ರಜೆಗಳಿಗೇ ಮೀಸಲಿಟ್ಟಿದ್ದಾರೆ. 2008ರ ಪ್ರವಾಸೋದ್ಯಮ ವ್ಯವಹಾರ ಮತ್ತು ಗೈಡ್ ಕಾಯ್ದೆಯ ಪ್ರಕಾರ ಅವರು ಪ್ರವಾಸೋದ್ಯಮ ಇಲಾಖೆಯ ಪರವಾನಗಿಯನ್ನು ಪಡೆದಿರಬೇಕು. ಭಾವಚಿತ್ರ ಮತ್ತು ಸಂಖ್ಯೆ ಇರುವ ಆ ಪರವಾನಗಿ ಕಾರ್ಡನ್ನು ಕೆಲಸದ ವೇಳೆ ಕೊರಳಿಗೆ ಹಾಕಿಕೊಂಡಿರುತ್ತಾರೆ. ಬೆಂಗಳೂರು ಅಥವಾ ಮೈಸೂರಿನಿಂದ ತಂಡದ ಜೊತೆ ಬರುವ ಟೂರ್ ಮ್ಯಾನೇಜರ್ ಎಷ್ಟೇ ಅನುಭವಿಯಾಗಿದ್ದರೂ ಅಲ್ಲಿ ಗೈಡ್ ಕೆಲಸ ಮಾಡುವಂತಿಲ್ಲ. ಆದ್ದರಿಂದ ಪ್ಯಾಕೇಜ್‌ನಲ್ಲಿ ‘ರಾತ್ರಿ ನಗರ ದರ್ಶನ’ ಎಂದು ಬರೆದಿದ್ದರೆ, ಪರವಾನಗಿ ಇರುವ ಥಾಯ್ ಗೈಡ್ ಬರುತ್ತಾರೆಯೇ, ಬಸ್ಸಿನೊಳಗೆ ಕುಳಿತೇ ನೋಡುವುದೇ, ಇಳಿದು ನಡೆಯುವುದಿದೆಯೇ ಎಂದು ಮೊದಲೇ ಕೇಳಿ.

ಸ್ವತಂತ್ರವಾಗಿ ಹೋಗುವವರು ವಯಾಟರ್, ಗೆಟ್‌ಯುವರ್‌ಗೈಡ್, ಕ್ಲೂಕ್ ಮುಂತಾದ ತಾಣಗಳಲ್ಲಿ ಗೈಡ್‌ಗಳನ್ನು ಹುಡುಕಬಹುದು. ಉಳಿಯುವ ಹೋಟೆಲ್‌ನವರನ್ನು ಕೇಳುವುದೂ ಒಳ್ಳೆಯ ದಾರಿ. ವಿಮರ್ಶೆಗಳನ್ನು ಓದುವಾಗ ನಕ್ಷತ್ರಗಳ ಎಣಿಕೆಗಿಂತ ಮಾತುಗಳನ್ನು ಗಮನಿಸಿ. ‘ನನ್ನ ಅತ್ತೆಗೆ ಮೊಣಕಾಲು ನೋವು, ಅವರು ನಡುನಡುವೆ ಕೂರಿಸುತ್ತಾ ಕರೆದೊಯ್ದರು’ ಎಂಬಂಥ ಒಂದು ವಾಕ್ಯ ಹತ್ತು ಹೊಗಳಿಕೆಗಳಿಗಿಂತ ಹೆಚ್ಚು ತಿಳಿಸುತ್ತದೆ. ತಂಡದಲ್ಲಿ ಎಂಟು ಜನಕ್ಕಿಂತ ಹೆಚ್ಚಿದ್ದರೆ ಗಾಡಿಯ ಮುಂದೆ ನಿಂತು ಮಾತು ಕೇಳಿಸಿಕೊಳ್ಳುವುದೇ ಕಷ್ಟ. ನಮ್ಮ ಕಡೆಯವರು ಒಕ್ಕದ ನಾಲ್ಕು ಮನೆ ಸೇರಿ ಹದಿನೈದು ಮಂದಿ ಹೊರಡುವುದುಂಟು. ಅಂಥವರು ಇಬ್ಬರು ಗೈಡ್‌ಗಳನ್ನು ಹಿಡಿದು ಎರಡು ಗುಂಪಾಗುವುದೇ ಲೇಸು.

ಹೋಂಸ್ಟೇ ನಡೆಸುವ ಕೊಡಗಿನವರಿಗೆ ಈ ವಿಷಯವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ತಡಿಯಂಡಮೋಳಿಗೆ ಅತಿಥಿಗಳನ್ನು ಕರೆದೊಯ್ಯುವವರು ಮೊದಲೇ ಅವರ ವಯಸ್ಸು, ಕಾಲಿನ ಶಕ್ತಿ, ಊಟದ ಪಥ್ಯ ಕೇಳಿ ತಿಳಿದುಕೊಂಡರೆ ಹೇಗೆ ದಿನ ಸುಗಮವಾಗುತ್ತದೆಂದು ಅವರಿಗೆ ಗೊತ್ತು. ಈಗ ಅತಿಥಿಯ ಸ್ಥಾನದಲ್ಲಿ ನೀವಿದ್ದೀರಿ, ಕೇಳುವ ಮೊದಲೇ ಹೇಳಿಬಿಡಿ. ಗೈಡ್‌ಗೆ ಕಳಿಸುವ ಸಂದೇಶ ಹೀಗಿರಲಿ:

‘ನಾವು ಆರು ಮಂದಿ. ಇಬ್ಬರಿಗೆ ಅರವತ್ತು ದಾಟಿದೆ, ಒಬ್ಬರಿಗೆ ಸಕ್ಕರೆ ಕಾಯಿಲೆ. ನಾಲ್ವರು ಎಲ್ಲ ಬಗೆಯ ಮಾಂಸ ತಿನ್ನುತ್ತಾರೆ, ಒಬ್ಬರು ಗೋಮಾಂಸ ತಿನ್ನುವುದಿಲ್ಲ, ಒಬ್ಬರು ಪೂರ್ಣ ಸಸ್ಯಾಹಾರಿ. ಮೀನಿನ ಸಾಸ್ ಕೂಡ ಬೇಡ. ಒಟ್ಟು ಮೂರು ಕಿಲೋಮೀಟರ್‌ಗಿಂತ ಹೆಚ್ಚು ನಡೆಯಲು ಆಗದು. ಅಂಗಡಿಗಳಿಗೆ ಕರೆದೊಯ್ಯುವುದು ಬೇಡ. ಬೀದಿ ಊಟ, ಹಳೆಯ ಓಣಿಗಳು ಮತ್ತು ಹೂವಿನ ಮಾರುಕಟ್ಟೆ ನೋಡಬೇಕು. ರಾತ್ರಿ ಹನ್ನೊಂದೂವರೆಗೆ ಹೋಟೆಲ್‌ನಲ್ಲಿರಬೇಕು.’

ಇದಕ್ಕೆ ಬರುವ ಉತ್ತರದಿಂದಲೇ ಆ ವ್ಯಕ್ತಿಯ ಯೋಗ್ಯತೆ ಅರ್ಧ ತಿಳಿಯುತ್ತದೆ. ಎಲ್ಲದಕ್ಕೂ ‘ಆಗುತ್ತದೆ’ ಎನ್ನುವವರಿಗಿಂತ, ‘ಸಸ್ಯಾಹಾರಿಗಳಿಗೆ ಆ ಬೀದಿಯಲ್ಲಿ ಆಯ್ಕೆ ಕಡಿಮೆ, ಅವರಿಗೆ ಮೊದಲು ಇನ್ನೊಂದು ಕಡೆ ಊಟ ಮಾಡಿಸೋಣ’ ಎನ್ನುವವರನ್ನು ನಂಬಿ. ದರದ ಮಾತಿನಲ್ಲಿ ಸಂಕೋಚ ಬೇಡ: ಊಟ, ಮೆಟ್ರೊ, ಟುಕ್‌ಟುಕ್ ಇವೆಲ್ಲ ಸೇರಿದೆಯೇ, ಹೊತ್ತು ಮೀರಿದರೆ ಹೆಚ್ಚುವರಿ ಎಷ್ಟು, ಮಳೆ ಬಂದರೆ ಏನು ಮಾಡುತ್ತಾರೆ, ಈ ಮೂರನ್ನು ಬರಹದಲ್ಲಿ ಪಡೆದುಕೊಳ್ಳಿ. ಟಿಪ್ಸ್ ಕಡ್ಡಾಯವಲ್ಲ, ಮನಸ್ಸಿಗೆ ಒಪ್ಪಿದರೆ ಕೊನೆಯಲ್ಲಿ ಕೈಗೆ ಕೊಡಬಹುದು.

ಮೂರನೆಯ ಹಂತ: ಹೊರಡುವ ಮುನ್ನ

ಪಾಸ್‌ಪೋರ್ಟನ್ನು ಹೋಟೆಲ್ ಲಾಕರ್‌ನಲ್ಲಿಟ್ಟು ಅದರ ನೆರಳಚ್ಚು ಪ್ರತಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಹೋಟೆಲ್‌ನ ಹೆಸರು ವಿಳಾಸ ಥಾಯ್ ಲಿಪಿಯಲ್ಲಿರುವ ಕಾರ್ಡನ್ನು ತಂಡದ ಪ್ರತಿಯೊಬ್ಬರೂ, ಅಜ್ಜಿಯಿಂದ ಮೊಮ್ಮಗನವರೆಗೆ, ಬೇರೆ ಬೇರೆಯಾಗಿ ಇಟ್ಟುಕೊಂಡಿರಬೇಕು. ಒಬ್ಬರೇ ಎಲ್ಲರದ್ದನ್ನೂ ಇಟ್ಟುಕೊಂಡರೆ ದಾರಿ ತಪ್ಪಿದವರಿಗೆ ಅದು ಸಿಗುವುದಿಲ್ಲ. ಕನಿಷ್ಠ ಇಬ್ಬರ ಫೋನ್‌ನಲ್ಲಿ ಅಲ್ಲಿ ನಡೆಯುವ ಡೇಟಾ, ಬಾಡಿಗೆ ಕಾರು ಕರೆಸುವ ಗ್ರ್ಯಾಬ್ ಆ್ಯಪ್ ಮತ್ತು ಗೈಡ್‌ನ ಸಂಖ್ಯೆ ಇರಲಿ. ಪ್ರವಾಸಿ ಪೊಲೀಸರ ಸಂಖ್ಯೆ 1155, ಆಂಬುಲೆನ್ಸ್‌ಗೆ 1669. ಗಾಡಿಯವರಿಗೆ ಕೊಡಲು 20, 50 ಮತ್ತು 100 ಬಾತ್‌ನ ನೋಟುಗಳು ಬೇಕು. ನಮ್ಮ ಫೋನಿನ ಯುಪಿಐಯನ್ನು ನೆಚ್ಚಿಕೊಂಡು ಹೋಗಬಾರದು. ಹಗಲಿನ ಸೆಕೆ ರಾತ್ರಿಯೂ ಪೂರ್ತಿ ಇಳಿಯುವುದಿಲ್ಲವಾದ್ದರಿಂದ ಹತ್ತಿಯ ಬಟ್ಟೆ ತೊಡಿ. ದೇವಾಲಯದ ಆವರಣಕ್ಕೆ ಕಾಲಿಡುವ ಸಾಧ್ಯತೆಯಿದ್ದರೆ ಭುಜ ಮತ್ತು ಮೊಣಕಾಲು ಮುಚ್ಚುವಂಥದ್ದೇ ಬೇಕು. ಮಧ್ಯಾಹ್ನದ ಊಟ ಹಗುರವಾಗಿರಲಿ, ನಾಲ್ಕು ಗಂಟೆಯವರೆಗೆ ನಿದ್ದೆ ಮಾಡಿ.

ನಾಲ್ಕನೆಯ ಹಂತ: ಸಂಜೆ ಐದೂವರೆ, ನದಿಯ ದಡ

ಮೊದಲ ರಾತ್ರಿಗೆ ನಾನು ಶಿಫಾರಸು ಮಾಡುವ ದಾರಿಯಲ್ಲಿ ಮೂರು ತಾಣಗಳಿವೆ: ಚಾವೊ ಫ್ರಾಯಾ ನದಿಯ ದಡ, ಚೀನೀಯರ ಬೀದಿಯಾದ ಯಾವೊರಾತ್, ಕೊನೆಗೆ ಪಾಕ್ ಖ್ಲೊಂಗ್ ತಲಾತ್ ಹೂವಿನ ಮಾರುಕಟ್ಟೆ. ಎಲ್ಲವೂ ಒಂದೇ ಮೆಟ್ರೊ ಮಾರ್ಗದ ಮೂರು ನಿಲ್ದಾಣಗಳೊಳಗೆ ಸಿಗುತ್ತವೆ. ಗೈಡ್ ಬೇರೆ ಕ್ರಮ ಸೂಚಿಸಿದರೆ ಅವರ ಮಾತಿನಂತೆ ನಡೆಯಿರಿ, ಆದರೆ ನಾಲ್ಕನೆಯ ತಾಣವನ್ನು ಸೇರಿಸಬೇಡಿ.

ಸನಾಮ್ ಚಾಯ್ ಮೆಟ್ರೊ ನಿಲ್ದಾಣದಲ್ಲಿ ಗೈಡ್‌ನ್ನು ಭೇಟಿಯಾಗಿ ಥಾ ತಿಯೆನ್ ದಡದ ಕಡೆ ನಡೆಯಿರಿ. ಸರಿಯಾಗಿ ಆರು ಗಂಟೆಗೆ ನಿಲ್ದಾಣ, ಉದ್ಯಾನ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ರಾಷ್ಟ್ರಗೀತೆ ಕೇಳಿಬರುತ್ತದೆ, ಜನ ಇದ್ದಲ್ಲೇ ನಿಲ್ಲುತ್ತಾರೆ. ನೀವೂ ಮಾತು ನಿಲ್ಲಿಸಿ ನೆಟ್ಟಗೆ ನಿಲ್ಲಿ. ಸೈನ್ಯದಲ್ಲಿ ದುಡಿದು ನಿವೃತ್ತರಾದವರು ಮನೆಮನೆಯಲ್ಲಿರುವ ನಮ್ಮ ಜಿಲ್ಲೆಯವರಿಗೆ ಇದನ್ನು ಕಲಿಸಬೇಕಾಗಿಲ್ಲ, ಮಕ್ಕಳಿಗೆ ಮಾತ್ರ ಮೊದಲೇ ಹೇಳಿಟ್ಟಿರಿ.

ದಡದಿಂದ ಎದುರಿಗೆ ಕಾಣುವುದು ವಾಟ್ ಅರುಣ್, ಸೂರ್ಯನ ಸಾರಥಿ ಅರುಣನ ಹೆಸರಿನ ಬೌದ್ಧ ದೇವಾಲಯ. ಅದರ ಗೋಪುರದ ಮೈಗೆಲ್ಲ ಬಣ್ಣದ ಪಿಂಗಾಣಿ ಚೂರುಗಳನ್ನು ಹೂವಿನ ಎಸಳುಗಳಂತೆ ಕೂರಿಸಿದ್ದಾರೆ. ಕತ್ತಲು ಕವಿಯುತ್ತಿದ್ದಂತೆ ದೀಪಗಳು ಹತ್ತಿ, ಗೋಪುರ ನೀರಿನಲ್ಲೂ ಆಕಾಶದಲ್ಲೂ ಎದ್ದು ನಿಲ್ಲುತ್ತದೆ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಅಲ್ಲಿದ್ದು, ಪೂರ್ತಿ ಕತ್ತಲಾಗುವವರೆಗೆ ಕುಳಿತಿದ್ದರೆ ಸಾಕು. ದೇವಾಲಯದ ಒಳಗಿನ ದರ್ಶನಕ್ಕೆ ಇನ್ನೊಂದು ಹಗಲನ್ನು ಇಟ್ಟುಕೊಳ್ಳಿ. ದಡದ ಮಹಡಿ ಹೋಟೆಲ್‌ಗಳು ಈ ನೋಟಕ್ಕೆ ದುಬಾರಿ ಬೆಲೆ ಹಾಕುತ್ತವೆ; ಒಂದು ಪಾನೀಯಕ್ಕೆ ನಿಂತು ಹೊಟ್ಟೆಯನ್ನು ಮುಂದಿನ ಬೀದಿಗೆ ಉಳಿಸಿಕೊಳ್ಳಿ.

ಐದನೆಯ ಹಂತ: ಯಾವೊರಾತ್‌ನಲ್ಲಿ ಊಟ

ಸನಾಮ್ ಚಾಯ್‌ನಿಂದ ಎರಡನೆಯ ನಿಲ್ದಾಣ ವಾಟ್ ಮಂಗ್‌ಕೊನ್. 2019ರಲ್ಲಿ ಈ ನಿಲ್ದಾಣ ತೆರೆದ ಮೇಲೆ ಯಾವೊರಾತ್‌ಗೆ ಹೋಗುವುದು ತೀರ ಸುಲಭವಾಗಿದೆ. 1782ರಲ್ಲಿ ಬ್ಯಾಂಕಾಕ್ ರಾಜಧಾನಿಯಾದಾಗ ಅರಮನೆ ಕಟ್ಟಲು ಆರಿಸಿದ ಜಾಗದಲ್ಲಿ ಚೀನೀ ವರ್ತಕರು ನೆಲೆಸಿದ್ದರು. ಅವರನ್ನು ಅಲ್ಲಿಂದ ಎಬ್ಬಿಸಿ ಈ ಕಡೆಗೆ ಕಳಿಸಿದ್ದರಿಂದ ಇಲ್ಲಿನ ಬಡಾವಣೆ ಹುಟ್ಟಿತು. ಈಗಿನ ಮುಖ್ಯ ರಸ್ತೆ ಐದನೆಯ ರಾಮ ಎನಿಸಿದ ಚುಲಲೊಂಗ್‌ಕೊರ್ನ್ ದೊರೆಯ ಕಾಲದ್ದು. ಹಗಲಿನಲ್ಲಿ ಇದು ಚಿನ್ನ, ಒಣ ಮೀನು, ಗಿಡಮೂಲಿಕೆಗಳ ವ್ಯಾಪಾರದ ಬೀದಿ. ಸಂಜೆ ಆರರ ಮೇಲೆ ರಸ್ತೆಯ ಅಂಚಿಗೆ ಗಾಡಿ, ಮೇಜು, ಪ್ಲಾಸ್ಟಿಕ್ ಕುರ್ಚಿಗಳು ಬಂದು, ಕೆಂಪು ಹಸಿರು ನಿಯಾನ್ ಫಲಕಗಳ ಕೆಳಗೆ ಊಟದ ಬೀದಿಯಾಗುತ್ತದೆ.

ಇಲ್ಲಿ ಗೈಡ್‌ನ ಬೆಲೆ ತಿಳಿಯುತ್ತದೆ. ಯಾವ ಗಾಡಿಯ ಮುಂದೆ ಸಾಲು ನಿಂತಿರುವುದು ರುಚಿಗೆ, ಯಾವುದರ ಮುಂದೆ ನಿಂತಿರುವುದು ವಿಡಿಯೊ ನೋಡಿ ಬಂದವರು ಎಂಬುದು ಅವರಿಗೆ ಗೊತ್ತು. ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳದೆ, ಒಂದು ತಟ್ಟೆಯನ್ನು ಇಬ್ಬರು ಮೂವರು ಹಂಚಿಕೊಂಡು ನಾಲ್ಕೈದು ಕಡೆ ತಿನ್ನಿ.

ಮಾಂಸ ತಿನ್ನುವವರು ಕುಯ್ ಜಾಪ್ ಬಿಡಬಾರದು. ಗಾಡಿಯವರು ಅಗಲವಾದ ಅಕ್ಕಿ ನೂಡಲ್ಸ್‌ನ ಹಿಡಿಯೊಂದನ್ನು ಜರಡಿಯಂಥ ಸೌಟಿಗೆ ಹಾಕಿ ಕುದಿಯುವ ನೀರಿನಲ್ಲಿ ಅದ್ದುತ್ತಾರೆ. ಎಸಳುಗಳು ತಾವಾಗಿಯೇ ಸುರುಳಿ ಸುತ್ತಿಕೊಳ್ಳುತ್ತವೆ. ಅದನ್ನು ಬಟ್ಟಲಿಗೆ ಸುರಿದು, ಗರಿಗರಿಯಾಗಿ ಹುರಿದ ಹಂದಿ ಮಾಂಸವನ್ನು ಮರದ ಹಲಗೆಯ ಮೇಲೆ ಕತ್ತಿಯಿಂದ ಕೊಚ್ಚಿ ಹಾಕಿ, ಮೇಲೆ ಬಿಸಿ ಸಾರು ಎರೆಯುತ್ತಾರೆ. ಸಾರು ನೋಡಲು ತಿಳಿ. ಮೊದಲ ಗುಟುಕು ನಾಲಗೆಯನ್ನು ಸುಮ್ಮನೆ ದಾಟಿ ಹೋಗುತ್ತದೆ, ಆಮೇಲೆ ಗಂಟಲಿನ ಹಿಂಭಾಗದಲ್ಲಿ ಖಾರ ಏರುತ್ತದೆ, ಮೂಗು ಬಿಚ್ಚುತ್ತದೆ. ಸಿಲ್ವರ್ ಓಕ್ ಮರಕ್ಕೆ ಬಳ್ಳಿ ಹಬ್ಬಿಸಿ ಮೆಣಸು ಬೆಳೆಯುವವರು ತಕ್ಷಣ ಗುರುತಿಸುತ್ತಾರೆ: ಇದರಲ್ಲಿ ಮೆಣಸಿನಕಾಯಿಯ ಪಾಲಿಲ್ಲ, ಇದು ಸಿಪ್ಪೆ ತೆಗೆದ ಬಿಳಿ ಮೆಣಸಿನ ಖಾರ. ಹಂದಿಯ ಕರುಳು, ಈಲಿ ಬೇಡವಾದವರು ‘ಬರಿಯ ಮಾಂಸ ಸಾಕು’ ಎಂದು ಗೈಡ್ ಮೂಲಕ ಹೇಳಿಸಬೇಕು.

ಸಸ್ಯಾಹಾರಿಗಳ ವಿಷಯದಲ್ಲಿ ಹೆಚ್ಚು ಜಾಗರೂಕತೆ ಬೇಕು. ತರಕಾರಿ ಮಾತ್ರ ಕಾಣುವ ತಟ್ಟೆಯಲ್ಲೂ ಮೀನಿನ ಸಾಸ್, ಸಿಂಪಿ ಮೀನಿನ ಸಾಸ್ ಅಥವಾ ಒಣ ಸೀಗಡಿ ಇರುವುದು ಅಲ್ಲಿನ ಅಡುಗೆಯ ವಾಡಿಕೆ. ‘ಮಾಂಸ ಬೇಡ’ ಎಂದರೆ ಮೀನಿನ ಸಾಸ್ ಬೇಡ ಎಂದು ಅವರಿಗೆ ಅನಿಸುವುದಿಲ್ಲ. ಕೇಳಬೇಕಾದದ್ದು ‘ಜೇ’ ಊಟವನ್ನು. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರವಿರುವ ಸಣ್ಣ ಬಾವುಟ ಅದರ ಗುರುತು. ಮಾಂಸ, ಮೀನು, ಮೊಟ್ಟೆ, ಹಾಲು ಇವಷ್ಟೇ ಅಲ್ಲದೆ ಬೆಳ್ಳುಳ್ಳಿ ಈರುಳ್ಳಿಯೂ ಅದರಲ್ಲಿ ಇರುವುದಿಲ್ಲ. ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಬರುವ ಚೀನೀ ಸಸ್ಯಾಹಾರ ಹಬ್ಬದ ದಿನಗಳಲ್ಲಿ ಯಾವೊರಾತ್ ತುಂಬ ಈ ಬಾವುಟಗಳೇ ಕಾಣುತ್ತವೆ, ಸಸ್ಯಾಹಾರಿಗಳಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಉಳಿದ ದಿನಗಳಲ್ಲಿ ಒಂದು ನಿಲ್ದಾಣ ಮೊದಲೇ, ಸಾಮ್ ಯೊತ್‌ನಲ್ಲಿ ಇಳಿದು ಫಾಹುರಾತ್‌ನ ಭಾರತೀಯರ ಬೀದಿಯಲ್ಲಿ ಊಟ ಮುಗಿಸಿ, ಯಾವೊರಾತ್‌ನಲ್ಲಿ ಹಣ್ಣು, ಸುಟ್ಟ ಬಾಳೆಹಣ್ಣು, ದಾಳಿಂಬೆ ರಸಕ್ಕೆ ತೃಪ್ತಿಪಡುವುದು ನೆಮ್ಮದಿಯ ದಾರಿ. ಹಲಾಲ್ ಊಟ ಬೇಕಾದವರಿಗೆ ಸುಖುಂವಿತ್‌ನ ನಾನಾ ಬಳಿಯ ಅರಬ್ಬರ ಓಣಿ ಅನುಕೂಲ. ಅವರು ಅಲ್ಲಿ ಮೊದಲು ಊಟ ಮಾಡಿ ಬಂದು ಸೇರಿಕೊಳ್ಳಬಹುದು. ಸಕ್ಕರೆ ಕಾಯಿಲೆಯವರು ಯಾವ ಪಾನೀಯಕ್ಕಾದರೂ ‘ವಾನ್ ನೋಯ್’, ಅಂದರೆ ಸಿಹಿ ಕಡಿಮೆ, ಎಂದು ಹೇಳಲೇಬೇಕು. ಖಾರ ಬೇಡವಾದರೆ ‘ಮೈ ಪೆಟ್’.

ಕಾಫಿ ಬೆಳೆಗಾರರಿಗಾಗಿ ಒಂದು ಮಾತು ಸೇರಿಸುತ್ತೇನೆ. ಯಾವೊರಾತ್‌ನ ಹಳೆಯ ಕಾಫಿ ಅಂಗಡಿಗಳಲ್ಲಿ ಒಲಿಯಾಂಗ್ ಎಂಬ ಕಪ್ಪು ತಣ್ಣನೆಯ ಕಾಫಿ ಸಿಗುತ್ತದೆ. ಕಾಫಿ ಬೀಜದ ಜೊತೆ ಜೋಳ, ಸೋಯಾ ಅವರೆ, ಎಳ್ಳು ಮುಂತಾದ ಕಾಳುಗಳನ್ನು ಹುರಿದು ಪುಡಿ ಮಾಡಿ, ಉದ್ದನೆಯ ಬಟ್ಟೆ ಚೀಲದಲ್ಲಿ ಸೋಸಿ, ಸಕ್ಕರೆ ಮತ್ತು ಮಂಜುಗಡ್ಡೆಯ ಜೊತೆ ಕೊಡುತ್ತಾರೆ. ಚಿಕೋರಿ ಬೆರೆಸುವ ವ್ಯಾಪಾರವನ್ನು ಹತ್ತಿರದಿಂದ ಬಲ್ಲ ನಮ್ಮವರು ಈ ಬೆರಕೆಯ ಲೆಕ್ಕಾಚಾರವನ್ನು ಅಂಗಡಿಯವರ ಬಳಿ ಕೇಳಿ ತಿಳಿಯಲು ಹತ್ತು ನಿಮಿಷ ಕೊಟ್ಟರೆ ನಷ್ಟವಿಲ್ಲ. ಗೈಡ್ ಅನುವಾದಿಸುತ್ತಾರೆ, ಅಂಗಡಿಯವರೂ ಸಂತೋಷದಿಂದ ಹೇಳುತ್ತಾರೆ.

ಚಿನ್ನದಂಗಡಿಗಳನ್ನು ಹೊರಗಿನಿಂದಲೇ ನೋಡಿ. ಥಾಯ್ ಚಿನ್ನದ ವಾಡಿಕೆಯ ಶುದ್ಧತೆ ಶೇ. 96.5; ತೂಕದ ಅಳತೆಯ ಹೆಸರೂ ‘ಬಾತ್’, ಒಂದು ಬಾತ್ ಎಂದರೆ ಸುಮಾರು 15.2 ಗ್ರಾಂ. ಕೊಳ್ಳುವ ಮನಸ್ಸಿದ್ದರೂ ಭಾರತದ ಕಸ್ಟಮ್ಸ್ ನಿಯಮ ಓದಿಕೊಂಡು, ಹಗಲಿನಲ್ಲಿ ಬನ್ನಿ.

ಆರನೆಯ ಹಂತ: ಹೂವಿನ ಮಾರುಕಟ್ಟೆ

ಒಂಬತ್ತೂವರೆ ಹತ್ತರ ಹೊತ್ತಿಗೆ ಗೈಡ್ ಒಂದೆರಡು ಟುಕ್‌ಟುಕ್ ಹಿಡಿದು ಪಾಕ್ ಖ್ಲೊಂಗ್ ತಲಾತ್‌ಗೆ ಕರೆದೊಯ್ಯಲಿ. ದರವನ್ನು ಹತ್ತುವ ಮೊದಲೇ ಮಾತಾಡಿ ಮುಗಿಸುತ್ತಾರೆ. ಅವರು ಹೇಗೆ ಮಾತಾಡಿದರು, ಎಷ್ಟಕ್ಕೆ ಒಪ್ಪಿದರು ಎಂಬುದನ್ನು ಗಮನಿಸಿ, ನಾಳೆ ನಿಮಗೆ ಅದು ಬೇಕಾಗುತ್ತದೆ.

ಈ ಮಾರುಕಟ್ಟೆ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ, ಆದರೆ ಇದರ ನಿಜವಾದ ವ್ಯಾಪಾರ ರಾತ್ರಿಯದು. ತೋಟಗಳಿಂದ ಬಂದ ಲಾರಿಗಳಿಂದ ಚೆಂಡುಹೂವಿನ ಮೂಟೆ, ಆರ್ಕಿಡ್ ಕಟ್ಟು, ತಾವರೆಯ ಮೊಗ್ಗುಗಳು ಇಳಿಯುತ್ತಿರುತ್ತವೆ. ಒಂದು ಮಳಿಗೆಯ ಮುಂದೆ ಐದು ನಿಮಿಷ ಸುಮ್ಮನೆ ನಿಂತು ಮಾಲೆ ಕಟ್ಟುವುದನ್ನು ನೋಡಿ. ಕೈಯಷ್ಟುದ್ದದ ಸೂಜಿಗೆ ಮಲ್ಲಿಗೆಯ ಬಿಗಿ ಮೊಗ್ಗುಗಳನ್ನು ಒಂದೊಂದಾಗಿ ಅಡ್ಡಲಾಗಿ ಪೋಣಿಸಿ, ಸುತ್ತು ತುಂಬಿದಂತೆ ಬೆರಳಿನಿಂದ ಒತ್ತಿ ಕೂರಿಸಿ, ಸೂಜಿ ತುಂಬಿದ ಮೇಲೆ ಎಲ್ಲವನ್ನೂ ಒಟ್ಟಿಗೆ ದಾರಕ್ಕೆ ಜಾರಿಸುತ್ತಾರೆ. ಹೂ ಅಲ್ಲಾಡುವುದಿಲ್ಲ, ಎಸಳು ಮುದುಡುವುದಿಲ್ಲ. ಫುವಾಂಗ್ ಮಾಲೈ ಎಂಬ ಈ ಮಾಲೆಗಳು ಬೆಳಗಾಗುವಷ್ಟರಲ್ಲಿ ಬುದ್ಧನ ಪೀಠಗಳಿಗೆ, ಮನೆಮುಂದಿನ ಪುಟ್ಟ ಗುಡಿಗಳಿಗೆ, ಟ್ಯಾಕ್ಸಿಗಳ ಕನ್ನಡಿಗಳಿಗೆ ತಲುಪುತ್ತವೆ. ಕೊಳ್ಳುವುದಾದರೆ ಮೂಸಿ ನೋಡಬೇಡಿ. ದೇವರಿಗೆ ಮೀಸಲಾದದ್ದನ್ನು ಮೂಸಬಾರದೆಂಬ ನಿಯಮ ಅಲ್ಲೂ ಇದೆ. ತಳ್ಳುಗಾಡಿ ಎಳೆಯುವವರಿಗೆ ದಾರಿ ಬಿಡಿ, ಫೋಟೊ ತೆಗೆಯುವ ಮೊದಲು ಕಣ್ಣಲ್ಲೇ ಕೇಳಿ.

ಮೆಟ್ರೊ ನಿಲ್ಲುವುದು ಮಧ್ಯರಾತ್ರಿಯ ಹೊತ್ತಿಗೆ. ಹನ್ನೊಂದಕ್ಕೆ ಹೊರಟರೆ ಸನಾಮ್ ಚಾಯ್ ನಿಲ್ದಾಣ ನಡಿಗೆಯ ದೂರದಲ್ಲೇ ಇದೆ. ತಡವಾದರೆ ಗ್ರ್ಯಾಬ್ ಕಾರು ಅಥವಾ ಮೀಟರ್ ಹಾಕುವ ಟ್ಯಾಕ್ಸಿ. ಮೀಟರ್ ಹಾಕಲು ಒಪ್ಪದವರ ಕಾರು ಹತ್ತಬೇಡಿ.

ರಾತ್ರಿಯಿಡೀ ನೆನಪಿಡಬೇಕಾದ ವಿಷಯಗಳು

ಗೈಡ್ ಜೊತೆಗಿದ್ದಾಗಲೂ ಕೆಲವು ಜವಾಬ್ದಾರಿಗಳು ನಿಮ್ಮವೇ. ಅಲ್ಲಿ ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಕ್ಕೇ ಚಲಿಸುವುದರಿಂದ ದಾಟುವಾಗ ಗೊಂದಲವಿಲ್ಲ, ಆದರೆ ಬೈಕುಗಳು ಕಾಲುದಾರಿಯ ಮೇಲೂ ಬರುತ್ತವೆ. ತಂಡದ ಕೊನೆಯಲ್ಲಿ ಒಬ್ಬ ಗಟ್ಟಿಗರನ್ನು ನಿಲ್ಲಿಸಿ. ಮುಂದೆ ಗೈಡ್, ಹಿಂದೆ ಅವರು, ನಡುವೆ ಮಕ್ಕಳು ಮತ್ತು ಹಿರಿಯರು. ಯಾರಾದರೂ ಕಾಣೆಯಾದರೆ ಹುಡುಕುತ್ತಾ ಅಲೆಯದೆ, ಕೊನೆಯದಾಗಿ ಎಲ್ಲರೂ ಸೇರಿದ್ದ ಜಾಗಕ್ಕೆ ಇಬ್ಬರೂ ಹಿಂತಿರುಗಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ರಾಜಮನೆತನದ ಬಗ್ಗೆ ಹಗುರ ಮಾತು, ಹಾಸ್ಯ ಬೇಡವೇ ಬೇಡ. ಅಲ್ಲಿನ ದಂಡ ಸಂಹಿತೆಯ 112ನೆಯ ವಿಧಿಯ ಪ್ರಕಾರ ರಾಜನಿಂದನೆಗೆ ಮೂರರಿಂದ ಹದಿನೈದು ವರ್ಷದವರೆಗೆ ಸೆರೆವಾಸವಿದೆ. ಗಾಳಿಗೆ ಹಾರಿದ ನೋಟನ್ನು ಕಾಲಿನಿಂದ ಒತ್ತಿ ಹಿಡಿಯಬಾರದು, ಅದರ ಮೇಲೆ ದೊರೆಯ ಚಿತ್ರವಿರುತ್ತದೆ. ಇ-ಸಿಗರೇಟ್ ಅಲ್ಲಿ ನಿಷಿದ್ಧ. ಹಸಿರು ಎಲೆಯ ಚಿತ್ರವಿರುವ ಅಂಗಡಿಗಳ ಬಿಸ್ಕತ್ತು, ಮಿಠಾಯಿಗಳಲ್ಲಿ ಗಾಂಜಾ ಇರಬಹುದು. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಅಂಥದ್ದನ್ನು ಭಾರತಕ್ಕೆ ತಂದರೆ ಇಲ್ಲಿ ಸೆರೆಮನೆ ಖಂಡಿತ. ಬಾರ್ ಬೀದಿಗಳಲ್ಲಿ ‘ಮಹಡಿಯಲ್ಲಿ ಪ್ರದರ್ಶನವಿದೆ, ಪ್ರವೇಶ ಉಚಿತ’ ಎಂದು ಕರೆದೊಯ್ದು, ಇಳಿಯುವಾಗ ದೊಡ್ಡ ಬಿಲ್ ಮುಂದಿಡುವ ಮೋಸ ಹಳೆಯದು. ನಮ್ಮ ಯುವಕರ ತಂಡಗಳೇ ಇದಕ್ಕೆ ಹೆಚ್ಚು ಬಲಿಯಾಗುವುದರಿಂದ ಸ್ಪಷ್ಟವಾಗಿ ಬರೆಯುತ್ತಿದ್ದೇನೆ: ಆ ಮೆಟ್ಟಿಲು ಹತ್ತಬೇಡಿ.

ಗೈಡ್‌ನ್ನು ಹೆಸರಿಗೆ ಮೊದಲು ‘ಖುನ್’ ಸೇರಿಸಿ ಕರೆಯುವುದು ಗೌರವದ ರೀತಿ. ಅವರನ್ನೂ ಊಟಕ್ಕೆ ಕೂರಿಸಿಕೊಳ್ಳಿ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸದ ನಾಡಿನವರು ಇದನ್ನು ಹೇಗೂ ಮಾಡುತ್ತಾರೆ, ಆದರೂ ತಂಡದ ಗಡಿಬಿಡಿಯಲ್ಲಿ ಗೈಡ್ ಬದಿಯಲ್ಲಿ ನಿಂತೇ ಉಳಿಯುವುದನ್ನು ಕಂಡಿದ್ದೇನೆ. ಅವರು ಮೇಜಿಗೆ ಬಂದು ಕುಳಿತ ಮೇಲೆಯೇ ಅವರ ಬಾಲ್ಯದ ಓಣಿ, ಅಜ್ಜಿಯ ಅಂಗಡಿ, ಬಾಡಿಗೆ ಏರಿ ಮುಚ್ಚಿಹೋದ ಹೋಟೆಲ್ ಇವೆಲ್ಲದರ ಮಾತು ಹೊರಬರುತ್ತದೆ.

ಏಳನೆಯ ಹಂತ: ಎರಡನೆಯ ರಾತ್ರಿ, ನೀವೇ

ಬೀಳ್ಕೊಡುವ ಮುನ್ನ ಗೈಡ್‌ನ್ನು ಒಂದು ಪ್ರಶ್ನೆ ಕೇಳಿ: ‘ನಾಳೆ ರಾತ್ರಿ ನಾವಷ್ಟೇ ಹೋಗುವುದಾದರೆ ಎಲ್ಲಿಗೆ ಹೋಗಲಿ, ಯಾವ ದಾರಿಯಲ್ಲಿ ಹಿಂತಿರುಗಲಿ?’ ಅವರು ಹೇಳಿದ್ದನ್ನು ಥಾಯ್ ಲಿಪಿಯಲ್ಲಿ ಫೋನಿನಲ್ಲೇ ಬರೆಸಿಕೊಳ್ಳಿ.

ಆಯ್ಕೆ ನನಗೆ ಬಿಟ್ಟರೆ, ಎರಡನೆಯ ಸಂಜೆಗೆ ಸ್ಕೈಟ್ರೇನ್ ಹಿಡಿದು ರಾಚಪ್ರಸೊಂಗ್ ವೃತ್ತದ ಎರಾವನ್ ಗುಡಿಗೆ ಹೋಗಿ ಎನ್ನುತ್ತೇನೆ. 1956ರಲ್ಲಿ ಸ್ಥಾಪನೆಯಾದ ಈ ಚತುರ್ಮುಖ ಬ್ರಹ್ಮನ ಗುಡಿಯಲ್ಲಿ, ಹರಕೆ ಫಲಿಸಿದವರು ಹಣ ಕೊಟ್ಟು ನರ್ತಕಿಯರಿಂದ ಸಾಂಪ್ರದಾಯಿಕ ಕುಣಿತ ಮಾಡಿಸುತ್ತಾರೆ. ಹಿಂದಿನ ರಾತ್ರಿ ಮಾರುಕಟ್ಟೆಯಲ್ಲಿ ಕಂಡ ಚೆಂಡುಹೂವಿನ ಮಾಲೆಗಳು ಇಲ್ಲಿ ದೇವರ ಸುತ್ತ ರಾಶಿಯಾಗಿರುತ್ತವೆ. ನಿಲ್ದಾಣದಿಂದ ಮೇಲ್ಸೇತುವೆಯಲ್ಲೇ ನಡೆದು ತಲುಪಬಹುದಾದ್ದರಿಂದ ರಸ್ತೆ ದಾಟುವ ತೊಂದರೆಯಿಲ್ಲ, ಸುತ್ತಮುತ್ತಲಿನ ಮಾಲ್‌ಗಳಲ್ಲಿ ಊಟ ಮತ್ತು ಶೌಚಾಲಯದ ಅನುಕೂಲವಿದೆ. ಅಲ್ಲಿಂದ ಸಿಲೋಮ್ ಕಡೆಗೆ ಹೋಗುವವರು ತಮಿಳು ವಲಸಿಗರು ಕಟ್ಟಿದ ಮಾರಿಯಮ್ಮನ ದೇವಾಲಯವನ್ನು ನೋಡಬಹುದು, ಆದರೆ ಬಾಗಿಲು ಹಾಕುವ ಹೊತ್ತನ್ನು ಹೋಟೆಲ್‌ನಲ್ಲಿ ಮೊದಲೇ ವಿಚಾರಿಸಿ. ಹತ್ತೂವರೆಯ ಸುಮಾರಿಗೆ ಹಿಂದಿರುಗುವ ರೈಲು ಹತ್ತಿ, ಇಳಿಯಬೇಕಾದ ನಿಲ್ದಾಣದ ಹೆಸರನ್ನು ಮಕ್ಕಳಿಂದಲೇ ಓದಿಸಿ.